ಬಲೆಯ ಅಂಚು

ಟೋಕಿಯೊ ನೋಡಿಕೊಂಡು ಬಂದವರೆಲ್ಲ ಹೇಳುವ ಮಾತು ಒಂದೇ: "ರಸ್ತೆಯಲ್ಲಿ ಹುಡುಕಿದರೂ ಒಂದು ಕಸದ ಬುಟ್ಟಿ ಸಿಗಲ್ಲ, ಆದರೂ ಎಷ್ಟು ಕ್ಲೀನು!" ಆಮೇಲೊಂದು ನಿಟ್ಟುಸಿರು, ಕೊನೆಗೆ "ಸಂಸ್ಕಾರ ರೀ" ಎಂಬ ಷರಾ. ಐದು ದಿನ ಹೋಟೆಲಿನಲ್ಲಿ ಇದ್ದು ಬಂದವರಿಗೆ ಸಂಸ್ಕಾರ ಬಹಳ ಬೇಗ ಕಾಣುತ್ತದೆ. ಅವರ ಕಸ ವಿಂಗಡಿಸಿದವರು ಬೇರೆ ಯಾರೋ. ಬುಟ್ಟಿಗಳು ಮಾಯವಾಗಿದ್ದು 1995ರಲ್ಲಿ ಸುರಂಗ ರೈಲಿನಲ್ಲಿ ನಡೆದ ಸರಿನ್ ವಿಷಾನಿಲ ದಾಳಿಯಿಂದ ಎನ್ನುವುದುಂಟು. ಅದು ಅರ್ಧ ಉತ್ತರ. ಉಳಿದರ್ಧ ಬೇಕಿದ್ದರೆ ಬೆಳಿಗ್ಗೆ ಏಳೂವರೆಗೆ ಯಾವುದಾದರೂ ವಸತಿ ಬೀದಿಯ ಲೈಟುಕಂಬದ ಬುಡಕ್ಕೆ ಹೋಗಬೇಕು. ಬೀದಿಯವರೆಲ್ಲ ಮನೆಯ ಕಸದ ಚೀಲ ತಂದಿಡುವ ಜಾಗ ಅದು; ಚೀಲಗಳ ಮೇಲೆ ಹೊದಿಸಲು ಅಲ್ಲೊಂದು ಬಲೆ ಇರುತ್ತದೆ.

ಬಲೆ ಇರುವುದು ಕಾಗೆಗಾಗಿ, ಹಿಡಿಯಲಿಕ್ಕಲ್ಲ, ದೂರ ಇಡಲಿಕ್ಕೆ. ಅಲ್ಲಿಯದು ನಮ್ಮ ಬೂದುಕತ್ತಿನ ಊರಕಾಗೆಯಲ್ಲ, ಕಾಡುಕಾಗೆಯ ಪೈಕಿ. ಮೈಯೆಲ್ಲ ಕಪ್ಪು, ಹಣೆ ಉಬ್ಬು, ಕೊಕ್ಕು ದಪ್ಪ. ನಾವು ತಿಥಿಯ ದಿನ ಪಿಂಡ ಇಟ್ಟು ಕಾ ಕಾ ಎಂದು ಕರೆದು, ಬಾರದಿದ್ದರೆ ಹಿರಿಯರಿಗೆ ಏನು ಸಿಟ್ಟೋ ಎಂದು ಕಂಗಾಲಾಗುತ್ತೇವೆ. ಟೋಕಿಯೊದಲ್ಲಿ ಅದೇ ಹಕ್ಕಿಯನ್ನು ಕಡಿಮೆ ಮಾಡಲು ಸರ್ಕಾರವೇ ಬಜೆಟ್ ತೆಗೆದಿಟ್ಟಿತು. 2001ರಲ್ಲಿ ಎಣಿಸಿದಾಗ ಸುಮಾರು 36,400 ಕಾಗೆಗಳಿದ್ದವು. ಆಗಿನ ಗವರ್ನರ್ ಇಶಿಹಾರಾ ಶಿಂತಾರೊ ಹಠ ತೊಟ್ಟರು; ಉದ್ಯಾನಗಳಲ್ಲಿ ಬೋನುಗಳು ಎದ್ದವು. ಮುಂದೆ ಸಂಖ್ಯೆ ಹೆಚ್ಚುಕಡಿಮೆ ಮೂರನೇ ಒಂದಕ್ಕೆ ಇಳಿಯಿತು. ಉಳಿದವು ಬೋನಿಗೆ ಬೀಳದ ಬುದ್ಧಿವಂತ ಕಾಗೆಗಳು ಮತ್ತು ಅವುಗಳ ಸಂತಾನ. ಈಗ ವ್ಯವಹಾರ ಇರುವುದು ಅವುಗಳ ಜೊತೆ.

ಕಾಗೆಗೆ ಮೂಗು ಅಷ್ಟಕ್ಕಷ್ಟೆ, ಕಣ್ಣು ಮಾತ್ರ ನಮಗಿಂತ ಚುರುಕು. ಜಿಡ್ಡಿನ ಪದಾರ್ಥ ಎಂದರೆ ಪ್ರಾಣ: ಮಾಂಸದ ಚೂರು, ಕರಿದ ಆಲೂಗಡ್ಡೆ, ಮಯೊನೀಸ್. ಹಾಗಾದರೆ ಕಸವನ್ನು ಕಣ್ಣಿಗೆ ಬೀಳದಂತೆ ಕಪ್ಪು ಚೀಲದಲ್ಲಿ ಕಟ್ಟಿಟ್ಟರೆ ಮುಗಿಯಿತಲ್ಲ? ಮುಗಿಯಲಿಲ್ಲ. ಚೀಲ ಪಾರದರ್ಶಕವೋ ಅರೆಪಾರದರ್ಶಕವೋ ಆಗಿರಲೇಬೇಕೆಂದು ನಿಯಮ; ಒಳಗೇನಿದೆ ಎಂದು ಕಸದ ಗಾಡಿಯವರಿಗೆ ಕಾಣಬೇಕು. ಗಾಡಿಯವರಿಗೆ ಕಂಡದ್ದು ಕಾಗೆಗೂ ಕಾಣುತ್ತದೆ. ಆದ್ದರಿಂದ ತಿಂಡಿಯ ಮುಸುರೆಯನ್ನು ನೀರು ಹಿಂಡಿ, ಹಳೇ ಪತ್ರಿಕೆಯಲ್ಲಿ ಸುತ್ತಿ, ಚೀಲದ ನಟ್ಟನಡುವೆ ಇಟ್ಟು, ಸುತ್ತಲೂ ಒಣ ಕಾಗದ ತುಂಬಬೇಕು.

ಹಳದಿ ಬಣ್ಣ ಕಂಡರೆ ಕಾಗೆ ಹೆದರುತ್ತದೆ ಎಂದು ಹಳದಿ ಬಲೆ ಕೊಳ್ಳುವವರಿದ್ದಾರೆ. ಉತ್ಸುನೊಮಿಯಾ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಬಂದ ಚೀಲವೊಂದು ಹಳದಿಯಾಗಿದ್ದದ್ದೇನೋ ನಿಜ. ಆದರೆ ಅದರ ಗುಟ್ಟು ಬಣ್ಣವಲ್ಲ, ನೇರಳಾತೀತ ಕಿರಣ ತಡೆಯುವ ವರ್ಣದ್ರವ್ಯ. ಕಾಗೆ ನೋಡುವುದು ಆ ಕಿರಣಗಳನ್ನೂ ಸೇರಿಸಿಕೊಂಡು; ಅವು ತಡೆಯಲ್ಪಟ್ಟರೆ ಒಳಗಿನ ಊಟ ಅದಕ್ಕೆ ಕಸದಂತೆ ಕಾಣುತ್ತದೆ. ಬರೀ ಹಳದಿ ನೈಲಾನಿನ ಮೇಲೆ ಕಾಗೆ ಆರಾಮಾಗಿ ಕೂರುತ್ತದೆ.

ಹಾಗಾಗಿ ಕೊನೆಗೆ ಉಳಿಯುವುದು ಬಲೆ ಹೊದಿಸುವ ಕೈಚಳಕ. ಬಲೆಯ ಕಣ್ಣು ಐದು ಮಿಲಿಮೀಟರಿಗಿಂತ ಸಣ್ಣದಿರಬೇಕು, ಇಲ್ಲದಿದ್ದರೆ ಕೊಕ್ಕು ತೂರುತ್ತದೆ. ಅಂಚಿನಲ್ಲಿ ತೂಕದ ಹಗ್ಗ ಇರಬೇಕು. ರಾಶಿಗಿಂತ ಧಾರಾಳವಾಗಿ ದೊಡ್ಡದೂ ಆಗಿರಬೇಕು. ಬಿಗಿಯಾಗಿ ಹೊದಿಸಿದರೆ ಚೀಲ ಬಲೆಗೆ ಅಂಟಿ, ಕಾಗೆ ಮೇಲಿನಿಂದಲೇ ಕುಕ್ಕುತ್ತದೆ. ಚೀಲಗಳನ್ನು ಗೋಡೆಗೆ ಒತ್ತಿ, ಬಲೆ ಹೊದಿಸಿ, ಅಂಚನ್ನು ಚೀಲಗಳ ಅಡಿಗೆ ಮಡಚಿ ಸಿಕ್ಕಿಸಬೇಕು. ಇಷ್ಟೇ ಕೆಲಸ, ಅರ್ಧ ನಿಮಿಷದ್ದು.

ಆದರೆ ಏಳು ಐವತ್ತೈದಕ್ಕೆ ಒಬ್ಬ ಬರುತ್ತಾನೆ. ಎಂಟರೊಳಗೆ ಕಸ ಇಡಬೇಕು, ರೈಲೂ ಹಿಡಿಯಬೇಕು. ಅಂಚು ಎತ್ತುತ್ತಾನೆ, ಚೀಲ ಒಳಗೆ ತಳ್ಳುತ್ತಾನೆ, ಮಡಿಕೆ ಬಿಚ್ಚಿದ್ದು ಬಿಚ್ಚಿದಂತೆಯೇ ಬಿಟ್ಟು ಓಡುತ್ತಾನೆ. ಇನ್ನೊಬ್ಬ ಹಿಂದಿನ ರಾತ್ರಿಯೇ ಇಟ್ಟು ಮಲಗಿರುತ್ತಾನೆ. ಅದಕ್ಕೂ ಒಂದು ಕೈ ಮೇಲಿನವರು ಚೀಲವನ್ನು ಬಲೆಯ ಪಕ್ಕದಲ್ಲಿ ಇಡುವವರು. ಗಾಡಿ ಬರುವುದು ಎಂಟೂಕಾಲಕ್ಕೋ ಹನ್ನೊಂದಕ್ಕೋ, ಅಷ್ಟರಲ್ಲಿ ಬೀದಿಯ ತುಂಬ ಮೊಟ್ಟೆಯ ಚಿಪ್ಪು. ಬೈಗುಳ ಮಾತ್ರ ಕಾಗೆಗೆ, ಕಾಗೆ ಸಿಗದಿದ್ದರೆ ಹೊಸದಾಗಿ ಬಂದ ವಿದೇಶಿಯರಿಗೆ. ಭಾರತೀಯರು ಹೆಚ್ಚಿರುವ ನಿಶಿ-ಕಸಾಯ್ ಕಡೆ ಮನೆ ಹಿಡಿಯುವ ಕನ್ನಡಿಗರು ಸಾಂಬಾರಿನ ಹೋಳನ್ನು ಸೋಸಿ ಹಾಕಲಿ, ಬೋಂಡ ಕರಿದ ಎಣ್ಣೆಗೆ ಬಿಸಿಯಿರುವಾಗಲೇ ಗಟ್ಟಿ ಮಾಡುವ ಪುಡಿ ಬೆರೆಸಿ, ಆರಿದ ಮೇಲೆ ಉಂಡೆಯನ್ನು "ಉರಿಯುವ ಕಸ"ಕ್ಕೆ, ಅಂದರೆ ಸುಡಲು ಒಯ್ಯುವ ಕಸದ ಚೀಲಕ್ಕೆ, ಹಾಕಲಿ. ಚೀಲ ಸೋರಿದರೆ ಗುರುತು ಹಿಡಿಯಲು ಯಾರಿಗೂ ಹೊತ್ತು ಬೇಕಿಲ್ಲ.

ಚೆಲ್ಲಿದ್ದನ್ನು ಗುಡಿಸುವವರು ಯಾರು? ವಾರ್ಡಿನ ನೌಕರರಲ್ಲ. ಬಹಳಷ್ಟು ಬೀದಿಗಳಲ್ಲಿ "ತೋಬಾನ್", ಅಂದರೆ ಸರದಿ, ಎಂದು ಬರೆದ ಹಲಗೆ ಮನೆಯಿಂದ ಮನೆಗೆ ಹೋಗುತ್ತದೆ. ಹಲಗೆ ಯಾರ ಬಾಗಿಲಲ್ಲಿದೆಯೋ ಆ ವಾರ ಅವರೇ ಗುಡಿಸಿ, ನೀರು ಹಾಕಿ, ಬಲೆ ಮಡಚಿಡಬೇಕು. ತಪ್ಪು ದಿನ ಇಟ್ಟ ಚೀಲಕ್ಕೆ ಗಾಡಿಯವರು ಸ್ಟಿಕ್ಕರ್ ಅಂಟಿಸಿ ಅಲ್ಲೇ ಬಿಟ್ಟು ಹೋಗುತ್ತಾರೆ. ಅದಕ್ಕೂ ಇವರೇ ದಿಕ್ಕು. ಮಾಡುವವರು ಹೆಚ್ಚಾಗಿ ಎಪ್ಪತ್ತು ದಾಟಿದ ಹೆಂಗಸರು. ಇಪ್ಪತ್ತೈದರ ಗಟ್ಟಿ ಆಳುಗಳು ಒಂಟಿಕೋಣೆಯ ಅಪಾರ್ಟ್‌ಮೆಂಟುಗಳಲ್ಲಿದ್ದು, ಬೀದಿಯ ಸಂಘ ಚೋನೈಕೈಗೆ ಸೇರದೆ, ಸರದಿಯ ಪಟ್ಟಿಗೂ ಸಿಗದೆ ಓಡಾಡುತ್ತಾರೆ. ಪ್ರವಾಸಿಗರು ಕಂಡ ಸಂಸ್ಕಾರಕ್ಕೆ ಮಂಡಿನೋವು ಇರುವುದು ಹೀಗೆ.

ಮಾರ್ಚ್ ಬಂತೆಂದರೆ ಕಾಗೆಗೆ ಗೂಡಿನ ಚಿಂತೆ, ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ತಂತಿ ಹ್ಯಾಂಗರುಗಳು ಮಾಯ. ಅವು ಲೈಟುಕಂಬದ ಮೇಲಿನ ಗೂಡಿಗೆ ಸೇರಿದರೆ ಕರೆಂಟೂ ಹೋಗುತ್ತದೆ. ವಿದ್ಯುತ್ ಕಂಪನಿಯವರು ಗೂಡು ತೆಗೆಯುತ್ತಾ ತಿರುಗುತ್ತಾರೆ. ಪ್ಲಾಸ್ಟಿಕ್ ಹ್ಯಾಂಗರ್ ಕೊಳ್ಳುವುದು ಕ್ಷೇಮ. ಆದರೆ ಅದು ಮುರಿದರೆ ಕೆಲವು ವಾರ್ಡುಗಳಲ್ಲಿ ಉರಿಯುವ ಕಸ, 2022ರ ಪ್ಲಾಸ್ಟಿಕ್ ಕಾಯ್ದೆಯ ನಂತರ ಕೆಲವು ಕಡೆ ಮರುಬಳಕೆಯ ಕಸ. ಕೊಳ್ಳುವ ಮೊದಲೇ ವಾರ್ಡಿನ ಕಸದ ಕ್ಯಾಲೆಂಡರ್ ನೋಡಿಕೊಳ್ಳಿ.