ಆ ಏಳುನೂರು ಮಂದಿಯ ಹೆಸರೇಕೆ ಎತ್ತುವುದಿಲ್ಲ?

ನಿನ್ನೆ ಒಂದು ಸಮಾರಂಭದಲ್ಲಿ ಅತಿಥಿಯಾಗಿ ಬಂದಿದ್ದ ಮಹನೀಯರು ಮಕ್ಕಳ ಮುಂದೆ ಮತ್ತೆ ಅದೇ ಕಥೆ ತೆಗೆದರು. ಕ್ರಿ.ಪೂ. 480, ಗ್ರೀಸಿನ ಥರ್ಮೊಪಿಲೆಯ ಇಕ್ಕಟ್ಟಾದ ದಾರಿ, ಪರ್ಷಿಯಾದ ದೊರೆ ಕ್ಸರ್ಕ್ಸಸ್‌ನ ಮಹಾಸೇನೆಗೆ ಎದೆಯೊಡ್ಡಿ ಮಡಿದ, ಸ್ಪಾರ್ಟಾ ಎಂಬ ಗ್ರೀಕ್ ನಗರದ ಮುನ್ನೂರು ಯೋಧರು. ಮುನ್ನೂರು, ಮುನ್ನೂರು ಎಂದು ಎಷ್ಟು ಸಲ ಹೇಳಿದರೋ! ಸಭೆ ಚಪ್ಪಾಳೆ ತಟ್ಟಿತು. ನನಗೆ ಮೈಯೆಲ್ಲ ಉರಿಯಿತು. ಗ್ರೀಕ್ ಇತಿಹಾಸದ ವಿಷಯದಲ್ಲಿ ನನ್ನ ಸಿಟ್ಟು ಎಂಥದ್ದೆಂದು ಇಲ್ಲಿರುವ ಗೆಳೆಯರಿಗೆ ಗೊತ್ತೇ ಇದೆ.

ಮಡಿದವರು ಆ ಮುನ್ನೂರು ಮಂದಿ ಮಾತ್ರ ಅಲ್ಲ. ಎಫಿಯಾಲ್ಟಿಸ್ ಎಂಬವನು ಬೆಟ್ಟದ ಕಾಲುದಾರಿಯನ್ನು ತೋರಿಸಿಕೊಟ್ಟಿದ್ದರಿಂದ ಪರ್ಷಿಯನ್ನರು ಬೆನ್ನ ಹಿಂದೆ ಬರುತ್ತಿದ್ದಾರೆ ಎಂದು ತಿಳಿದಾಗ ಸ್ಪಾರ್ಟಾದ ದೊರೆ ಲಿಯೊನಿಡಾಸ್ ಗ್ರೀಕ್ ಪಡೆಗಳಲ್ಲಿ ಬಹುಪಾಲನ್ನು ಊರಿಗೆ ಕಳುಹಿಸಿದ. ಮಧ್ಯ ಗ್ರೀಸಿನ ಬಿಯೋಷಿಯಾ ಸೀಮೆಯ ಥೆಸ್ಪಿಯಾ ಎಂಬ ಸಣ್ಣ ಊರಿನಿಂದ ಬಂದಿದ್ದ 700 ಮಂದಿ ಮಾತ್ರ ಹೊರಡಲೊಪ್ಪಲಿಲ್ಲ. ಅದೇ ಸೀಮೆಯ ಥೀಬ್ಸ್ ನಗರದ 400 ಜನರೂ ಅಲ್ಲೇ ಇದ್ದರು. ಆದರೆ ಅವರನ್ನು ಲಿಯೊನಿಡಾಸ್ ಬಲವಂತವಾಗಿ ಇರಿಸಿಕೊಂಡಿದ್ದ ಎನ್ನುತ್ತಾನೆ ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೊಟಸ್. ಥೆಸ್ಪಿಯನ್ನರು ಮನಸಾರೆ ನಿಂತರು, ಜೊತೆಯಲ್ಲೇ ಸತ್ತರು ಎಂದೂ ಅವನೇ ಬರೆದಿದ್ದಾನೆ. ಅವರ ನಾಯಕ ಡೆಮೊಫಿಲಸ್. ಅವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಾದಿದವನು ಡಿಥಿರಾಂಬಸ್. ಕೊನೆಗೆ ಗುಡ್ಡದ ಮೇಲೆ ಉಳಿದವರು ಕತ್ತಿ ಇದ್ದರೆ ಕತ್ತಿಯಿಂದ, ಇಲ್ಲದಿದ್ದರೆ ಕೈಯಿಂದ, ಹಲ್ಲಿನಿಂದ ಹೋರಾಡಿದರು. ಆ ಸಾಲು ಓದುವಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ದೊರೆಯೇ ಸ್ಪಾರ್ಟಾದವನು, ಮುಂದಾಳುತನ ಅವರದು, ಕೀರ್ತಿಯೂ ಅವರಿಗೇ ಸಲ್ಲಬೇಕಲ್ಲವೇ ಎಂದು ಪಕ್ಕದಲ್ಲಿ ಕುಳಿತಿದ್ದ ಸ್ನೇಹಿತರು ಕೇಳಿದರು. ಅವರ ಶೌರ್ಯ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಸ್ಪಾರ್ಟನ್ ಪ್ರಜೆ ಏಳನೆಯ ವಯಸ್ಸಿನಿಂದ ಯುದ್ಧಕ್ಕೆಂದೇ ಬೆಳೆದವನು. ಅವನ ಹೊಲ ಉಳುವುದಕ್ಕೆ ಹೆಲಟರೆಂಬ ಜೀತದಾಳುಗಳಿದ್ದರು. ಓಡಿಬಂದರೆ ಅವನಿಗೆ ಊರಿನಲ್ಲಿ ಬದುಕೇ ಇರಲಿಲ್ಲ. ಕಣ್ಣುಬೇನೆಯಿಂದಾಗಿ ಆ ಕದನದಲ್ಲಿ ಸಾಯದೆ ಉಳಿದ ಅರಿಸ್ಟೊಡೆಮಸ್ ಸ್ಪಾರ್ಟಾಕ್ಕೆ ಮರಳಿದಾಗ ಯಾರೂ ಅವನೊಡನೆ ಮಾತಾಡಲಿಲ್ಲ, ಒಲೆ ಹೊತ್ತಿಸಲು ಕೆಂಡವನ್ನೂ ಕೊಡಲಿಲ್ಲ. ಥೆಸ್ಪಿಯಾದವರಿಗೆ ಇಂಥ ಕಟ್ಟಳೆ ಯಾವುದಿತ್ತು? ಹೊರಡಲು ದೊರೆಯ ಅಪ್ಪಣೆಯೇ ಇತ್ತು. ಮನೆಗೆ ಹೋಗಿದ್ದರೆ ಒಬ್ಬರೂ ಬೆರಳು ತೋರಿಸುತ್ತಿರಲಿಲ್ಲ. ಆದರೂ ನಿಂತರು. ಇದಕ್ಕಿಂತ ದೊಡ್ಡ ಧೈರ್ಯ ಯಾವುದೆಂದು ಸ್ನೇಹಿತರನ್ನು ಕೇಳಿದೆ. ಉತ್ತರ ಬರಲಿಲ್ಲ.

ಹೆಲಟರ ಪಾಡು ಇನ್ನೂ ಕಷ್ಟದ್ದು. ರಣಭೂಮಿ ನೋಡಲು ಬಂದವರು ಬಿದ್ದಿದ್ದ ಹೆಣಗಳೆಲ್ಲ ಸ್ಪಾರ್ಟಾದವರದು, ಥೆಸ್ಪಿಯಾದವರದು ಎಂದುಕೊಂಡರಂತೆ. ಅವುಗಳ ನಡುವೆ ಹೆಲಟರೂ ಇದ್ದರು ಎಂದು ಹೆರೊಡೊಟಸ್ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಅವರಲ್ಲಿ ಒಬ್ಬನ ಹೆಸರೂ ನಮಗೆ ಉಳಿದಿಲ್ಲ.

ಥೆಸ್ಪಿಯಾ ತೆತ್ತ ಬೆಲೆ ಅಲ್ಲಿಗೇ ಮುಗಿಯಲಿಲ್ಲ. ಕ್ಸರ್ಕ್ಸಸ್ ಮುಂದೆ ಸಾಗಿ ಆ ಊರನ್ನು ಸುಟ್ಟುಹಾಕಿದ. ಜನ ಅದಕ್ಕೆ ಮೊದಲೇ ದಕ್ಷಿಣ ಗ್ರೀಸಿನ ಪೆಲೊಪೊನೀಸಿಗೆ ಓಡಿದ್ದರು. ಮರುವರ್ಷ, ಕ್ರಿ.ಪೂ. 479ರಲ್ಲಿ, ಪರ್ಷಿಯನ್ನರ ಎದುರು ಪ್ಲಟೀಯಾದಲ್ಲಿ ನಡೆದ ಯುದ್ಧಕ್ಕೆ ಥೆಸ್ಪಿಯಾದ 1,800 ಮಂದಿ ಮತ್ತೆ ಬಂದರು. ಅವರ ಬಳಿ ಭಾರಿ ಗುರಾಣಿ, ಕವಚಗಳಿರಲಿಲ್ಲ. ಮನೆ ಬೂದಿಯಾದ ಮೇಲೂ ಬರಿಮೈಯಲ್ಲಿ ಬಂದು ಸಾಲಿನಲ್ಲಿ ನಿಂತವರನ್ನು ಬಿಟ್ಟು ಅದು ಹೇಗೆ ಈ ಕಥೆ ಹೇಳುತ್ತಾರೆ?

ಥರ್ಮೊಪಿಲೆಯಲ್ಲೇ ಲಿಯೊನಿಡಾಸ್‌ನ ಕಂಚಿನ ಪ್ರತಿಮೆ 1955ರಲ್ಲಿ ಎದ್ದಿತು. ಥೆಸ್ಪಿಯನ್ನರ ಸ್ಮಾರಕ ಬಂದದ್ದು 1997ರಲ್ಲಿ.

ಯುದ್ಧ ಮುಗಿದ ಮೇಲೆ ಥೆಸ್ಪಿಯಾ ಹೊರಗಿನವರಿಗೂ ಪೌರತ್ವ ಕೊಡತೊಡಗಿತು. ಆಗ ಹಾಗೆ ಅಲ್ಲಿಯ ಪ್ರಜೆಯಾದವನು ಸಿಕಿನಸ್. ಅವನು ಅಥೆನ್ಸಿನ ಮುಂದಾಳು ಥೆಮಿಸ್ಟೊಕ್ಲಿಸ್‌ನ ಸೇವಕ; ಕ್ರಿ.ಪೂ. 480ರ ಸಲಾಮಿಸ್ ನೌಕಾಕದನಕ್ಕೆ ಮುನ್ನ ಒಡೆಯನ ಮೋಸದ ಸಂದೇಶವನ್ನು ಪರ್ಷಿಯನ್ನರ ಪಾಳೆಯಕ್ಕೆ ಒಯ್ದವನು. ಗಂಡಸರನ್ನು ಕಳೆದುಕೊಂಡ ಊರು ಅವನನ್ನು ತನ್ನವನೆಂದು ಒಪ್ಪಿಕೊಂಡಿತು. ಪಾಠ ಮಾಡುವ ಗೆಳೆಯರೇ, ಲಿಯೊನಿಡಾಸ್‌ನ ಕಥೆಯನ್ನು ಧಾರಾಳವಾಗಿ ಹೇಳಿ. ಅದೇ ಉಸಿರಿನಲ್ಲಿ ಡೆಮೊಫಿಲಸ್‌ನ ಹೆಸರನ್ನೂ ಹೇಳಿ.