ಬಾಡಿಗೆ ಮನೆಯ ಪೈಂಟ್ ಯಾರ ಖರ್ಚು?

ಬಾಡಿಗೆ ಮನೆಗೆ ಘಾಟು ಕಮ್ಮಿಯ ಒಳ್ಳೆಯ ಪೈಂಟ್ ಕೇಳಿದರೆ ಅದೇನೋ ಶೋಕಿ ಅಂದುಕೊಳ್ಳುವವರೇ ಜಾಸ್ತಿ. "ಬೇಕಾದರೆ ನೀವೇ ಹೊಡೆಸಿಕೊಳ್ಳಿ" ಅನ್ನುತ್ತಾರೆ. ನಾನಿದನ್ನು ಒಪ್ಪುವುದಿಲ್ಲ. ನಾಳೆ ನಾವು ಗಂಟುಮೂಟೆ ಕಟ್ಟಿದರೆ ಗೋಡೆ ಉಳಿಯುವುದು ಧನಿಗಳಿಗೇ ಅಲ್ವಾ? ಖರ್ಚೂ ಅವರದ್ದೇ. ಆದರೆ ಹೇಳುವುದಕ್ಕೊಂದು ದಾರಿ ಬೇಕು.

ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ ಕೆಂಪುಕಲ್ಲಿನ ಹಳೇ ಮನೆ. ಮಳೆಗಾಲ ಮುಗಿಯುವಷ್ಟರಲ್ಲಿ ಕಪಾಟಿನ ಹಿಂದೆ ಕಪ್ಪು ಬೂಷ್ಟು. ಪಕ್ಕದಲ್ಲೇ ಪೈಂಟ್ ಹಪ್ಪಳದ ಹಾಗೆ ಉಬ್ಬಿ ನಿಂತಿರುತ್ತದೆ, ಉಗುರು ತಾಗಿದರೆ ಉದುರುತ್ತದೆ. ಮಗಳಿಗೆ ದಮ್ಮು ಬೇರೆ. ಹೊಸ ಪೈಂಟಿನ ಘಾಟು ಬಂದರೆ ರಾತ್ರಿಯೆಲ್ಲ ಕೆಮ್ಮು.

ಧನಿಗಳು ರಿಟೈರ್ಡ್ ಮಾಷ್ಟ್ರು. ಅವರ ಹತ್ತಿರ ಪರಿಸರ, ವಿಒಸಿ (ಪೈಂಟಿನಿಂದ ಗಾಳಿಗೆ ಹಾರುವ ರಾಸಾಯನಿಕಗಳು) ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹಾಗಾಗಿ ಗೋಡೆಯ ಸುದ್ದಿಯನ್ನೇ ಎತ್ತಿದೆ.

"ಮಾಷ್ಟ್ರೇ, ಹೊರಗಿನ ಬಿರುಕು ಮುಚ್ಚದೆ ಒಳಗೆ ಎಷ್ಟು ಬಳಿದರೂ ಮುಂದಿನ ಮಳೆಗೆ ಇದೇ ಕತೆ."

"ಅದು ಹೌದು ಮಾರಾಯ. ನೀನು ಹೇಳುವ ಪೈಂಟಿಗೆ ರೇಟೆಷ್ಟು?"

ಗಂಟು ಇರುವುದು ಇಲ್ಲೇ. ಪೈಂಟಿಂಗ್ ಖರ್ಚಿನಲ್ಲಿ ದೊಡ್ಡ ಪಾಲು ಕೂಲಿ, ಇಲ್ಲಿನ ಕೂಲಿ ಗೊತ್ತಲ್ಲ! ಕೆರೆಯುವುದು, ಪುಟ್ಟಿ, ಎರಡು ಕೋಟ್. ಯಾವ ಡಬ್ಬಿ ತಂದರೂ ಆ ಕೆಲಸ ಅಷ್ಟೇ, ಹಾಗಾಗಿ ಡಬ್ಬಿಯ ರೇಟೊಂದನ್ನೇ ನೋಡಿ ಹೆದರಬೇಕಾಗಿಲ್ಲ. ಖಾದಿ ಆಯೋಗ 2021ರಲ್ಲಿ ಸೆಗಣಿ ಪೈಂಟ್ ತಂದಾಗ ಅಗ್ಗದ ಡಿಸ್ಟೆಂಪರ್ ಲೀಟರಿಗೆ 120, ಒರೆಸಿ ತೊಳೆಯಲು ಬರುವ ಎಮಲ್ಶನ್ 225 ರೂಪಾಯಿ ಇತ್ತು. (ಕಾಸರಗೋಡು ಗಿಡ್ಡ ತಳಿಯ ದನ ಸಾಕುವ ಊರಿನಲ್ಲಿ ಸೆಗಣಿಯನ್ನು ಡಬ್ಬಿಯಲ್ಲಿ ಕೊಳ್ಳುವುದು ತಮಾಷೆಯೇ.) ಇನ್ನೂ ಅಗ್ಗ ಬೇಕಾದರೆ ಸುಣ್ಣ. ಅದರ ಕ್ಷಾರಕ್ಕೆ ಬೂಷ್ಟು ಸುಲಭಕ್ಕೆ ಹತ್ತುವುದಿಲ್ಲ, ಗೋಡೆಯ ತೇವವೂ ಒಳಗೇ ಸಿಕ್ಕಿಬೀಳುವುದಿಲ್ಲ. ಆದರೆ ಹಳೇ ಎಮಲ್ಶನ್ ಪೂರ್ತಿ ಕೆರೆಯದೆ ಸುಣ್ಣ ಹಿಡಿಯುವುದಿಲ್ಲ. ಒರಗಿ ಕೂತರೆ ಅಂಗಿಗೂ ಮೆತ್ತುತ್ತದೆ.

ನಿಜವಾಗಿ ಘಾಟು ಜಾಸ್ತಿ ಬರುವುದು ಗೋಡೆಯಿಂದಲ್ಲ. ಬಾಗಿಲು, ಕಿಟಕಿ ಸರಳಿಗೆ ಟರ್ಪೆಂಟೈನ್ ಬೆರೆಸಿ ಹೊಡೆಯುವ ಎನಾಮಲ್‌ನಿಂದ. ನೀರು ಬೆರೆಸುವ ಎನಾಮಲ್ ಸಿಗುತ್ತದೆ, ಅದನ್ನು ಕೇಳಿ. ಇನ್ನು ಸೀಸ, ವಿಷದ ಲೋಹ. 2017ರ ನವೆಂಬರಿನಿಂದ ಮನೆ ಪೈಂಟಿನಲ್ಲಿ ಅದು 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದು ಅಂತ ಕಾನೂನಿದೆ. ಅದಕ್ಕೆ ಮೊದಲು ಹೊಡೆದ ಪದರದಲ್ಲಿ ಎಷ್ಟಿದೆಯೋ ಯಾರಿಗೆ ಗೊತ್ತು? ಹಳೇ ಕಿಟಕಿಯನ್ನು ಒಣಗಿದ್ದಾಗ ಉಜ್ಜಲು ಬಿಡಬೇಡಿ. ನೀರು ಹಾಕಿ ಉಜ್ಜಲಿ, ಮಕ್ಕಳು ಹತ್ತಿರ ಇರುವುದು ಬೇಡ.

"ವಾಸನೆ ನಾಲ್ಕು ದಿನದಲ್ಲಿ ಹೋಗುತ್ತದೆ" ಅನ್ನುವವರಿದ್ದಾರೆ. ಪೈಂಟಿನ ಘಾಟೂ ಎಂಡೋಸಲ್ಫಾನೂ ಒಂದೇ ಅನ್ನುತ್ತಿಲ್ಲ, ಆದರೆ ಆ ಕೀಟನಾಶಕದ ದುರಂತ ಕಂಡ ಊರಿನಲ್ಲಿ ಕೂತು ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಮಾಷ್ಟ್ರು ಬಿರುಕಿನ ಕೆಲಸಕ್ಕೆ, ಒಳಗೋಡೆಯ ಲೋ ವಿಒಸಿ ಪೈಂಟಿಗೆ ಒಪ್ಪಿದ್ದಾರೆ. ಅಗ್ರಿಮೆಂಟ್ ಇನ್ನೊಂದು ಸಲ ಮುಂದುವರಿಸುತ್ತೇನೆ, ಕೆಲಸದ ದಿನ ನಿಂತು ನೋಡಿಕೊಳ್ಳುತ್ತೇನೆ ಅಂತ ನಾನೂ ಮಾತು ಕೊಟ್ಟೆ. ಅಕ್ಟೋಬರ್-ನವೆಂಬರಿನ ತುಲಾ ಮಳೆ ಬಿಟ್ಟ ಮೇಲೆ ಕೆಲಸ ಶುರು. ಕಿಟಕಿಯ ಎನಾಮಲ್ ವಿಷಯದಲ್ಲಿ ಮಾತ್ರ ಇನ್ನೂ ಜಗ್ಗಾಟ ನಡೆದಿದೆ.