ಸತ್ಯಾಂಶ: ಕೊಳವೆ ಎಳೆದರೆ ಚಂದ್ರ ಹತ್ತಿರ ಬರುವುದಿಲ್ಲ

‘ದೂರದರ್ಶಕದ ಎರಡು ಮಸೂರಗಳನ್ನು ದೂರ ಸರಿಸಿದಷ್ಟೂ ಚಂದ್ರ ದೊಡ್ಡದಾಗಿ ಕಾಣುತ್ತಾನೆ.’ ಪುಣೆಯ ಕನ್ನಡಿಗರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿರುವ ಈ ಸಂದೇಶ ತಪ್ಪು. ವರ್ಧನೆಯನ್ನು, ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು, ನಿರ್ಧರಿಸುವುದು ಮಸೂರಗಳ ಸಂಗಮದೂರ (ದೂರದಿಂದ ಬರುವ ಬೆಳಕನ್ನು ಮಸೂರ ಒಂದುಗೂಡಿಸುವ ಬಿಂದುವಿಗೂ ಮಸೂರಕ್ಕೂ ಇರುವ ಅಂತರ). ವಸ್ತುಕದ್ದು (ಚಂದ್ರನ ಕಡೆಗಿರುವ ಮಸೂರ) 1000 ಮಿ.ಮೀ., ನೇತ್ರಕದ್ದು (ಕಣ್ಣಿನ ಬಳಿಯ ಮಸೂರ) 10 ಮಿ.ಮೀ. ಇದ್ದರೆ ವರ್ಧನೆ 100 ಪಟ್ಟು. ನಡುವಿನ ಅಂತರ ಇವೆರಡರ ಮೊತ್ತ, ಅಂದರೆ 1010 ಮಿ.ಮೀ. ಕಣ್ಣಿಗೆ ತಕ್ಕಂತೆ ತುಸು ಹೊಂದಿಸಬಹುದು. ಇನ್ನೂ ಎಳೆದರೆ ಬಿಂಬ ಮಸುಕಾಗುತ್ತದೆ, ಅಷ್ಟೇ.

ಹೆಚ್ಚು ವರ್ಧನೆಗೆ ಕಡಿಮೆ ಸಂಗಮದೂರದ ನೇತ್ರಕ ಹಾಕಬೇಕು. ಆದರೆ ಸೂಕ್ಷ್ಮ ವಿವರ ತೋರಿಸುವುದು ವಸ್ತುಕದ ವ್ಯಾಸ. ಪುಣೆ ಜಿಲ್ಲೆಯ ಗಿರವಲಿ ವೀಕ್ಷಣಾಲಯದ ದೂರದರ್ಶಕವನ್ನು 2 ಮೀಟರಿನದು ಎಂದು ಗುರುತಿಸುವುದೂ ಅದರಲ್ಲಿ ವಸ್ತುಕದ ಕೆಲಸ ಮಾಡುವ ಕನ್ನಡಿಯ ವ್ಯಾಸದಿಂದಲೇ. ಮಕ್ಕಳಿಗೆ ದೂರದರ್ಶಕ ಕೊಳ್ಳುವವರು ದಯವಿಟ್ಟು ಈ ವ್ಯಾಸವನ್ನೇ ಮೊದಲು ಕೇಳಿ.

ಸೂಕ್ಷ್ಮದರ್ಶಕದ ವಿಷಯ ಬೇರೆ. ಅಲ್ಲಿ ಕೊಳವೆ ಉದ್ದವಾದರೆ ವರ್ಧನೆ ನಿಜಕ್ಕೂ ಹೆಚ್ಚುತ್ತದೆ. ಹಳೆಯ ಹಲವು ವಸ್ತುಕಗಳ ಮೇಲಿರುವ 160 ಎಂಬ ಅಂಕಿ, ಮಿ.ಮೀ. ಲೆಕ್ಕದಲ್ಲಿ, ಆ ಕೊಳವೆಯ ಉದ್ದವನ್ನೇ ಸೂಚಿಸುತ್ತದೆ.